ಎಡಗೈ ಕೆಳಗಿನ ಕೆಂಪು ಬಟನ್

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕರಿ ಸ್ಕ್ರೀನ್ ಅಕ್ಕ ಎಲ್ಲಿ ಎಂದು ಕೇಳಿದರೆ ಝೆರಾಕ್ಸ್ ಅಂಗಡಿಯವನೂ ಕೈ ತೋರಿಸುತ್ತಾನೆ, ಔಷಧಿ ಅಂಗಡಿಯವನೂ ತೋರಿಸುತ್ತಾನೆ. ಯಾರು ಕಂಪ್ಯೂಟರ್ ತಂದಿಟ್ಟರೂ ಅವಳು ಮೊದಲು ಮಾಡುವ ಕೆಲಸ ಒಂದೇ. ಬಣ್ಣಬಣ್ಣದ ಚಿತ್ರಗಳನ್ನೆಲ್ಲ ಬದಿಗೆ ತಳ್ಳಿ ಒಂದು ಕಪ್ಪು ಪರದೆ ತೆರೆಯುತ್ತಾಳೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಟಪಟಪನೆ ಏನೋ ಹೊಡೆಯುತ್ತಾಳೆ. ತಂದವರು ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ.

"ಹೋಯ್ತಾ ಅಕ್ಕ ಇದು?"

"ಎಲ್ಲಿಗೆ ಹೋಗತ್ತೆ? ಸುಸ್ತಾಗಿದೆ ಅಷ್ಟೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತೀನಿ, ನಾಳೆ ಎದ್ದು ಓಡಾಡತ್ತೆ."

ಓಡಾಡುತ್ತಲೂ ಇತ್ತು, ಸುಳ್ಳು ಹೇಳಬಾರದು. ಗುಜರಿಗೆ ಹೊರಟಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಅವಳ ಕೈಯಲ್ಲಿ ಮರುಜನ್ಮ ಪಡೆದಿವೆ. ಆಮೇಲೆ ಶುರುವಾಗುತ್ತಿದ್ದದ್ದು ಬೇರೆಯ ಗೋಳು. ಒಬ್ಬರ ಪ್ರಿಂಟರ್ ಲಿನಕ್ಸಿನ ಮುಖ ನೋಡಲಾರೆ ಎಂದು ಮುನಿಸಿಕೊಳ್ಳುತ್ತಿತ್ತು. ಇನ್ನೊಬ್ಬರ ವೈಫೈ ಮೂರು ದಿನ ಚೆನ್ನಾಗಿದ್ದು ನಾಲ್ಕನೆಯ ದಿನ ನಾಪತ್ತೆ. ಎದುರು ಸಾಲಿನ ಟೈಲರ್ ಹೆಂಗಸಿನ ಕಸೂತಿ ಪ್ರೋಗ್ರಾಂ ವಿಂಡೋಸಿಗೆಂದೇ ಮಾಡಿದ್ದು, ಲಿನಕ್ಸಿನಲ್ಲಿ ಸುತರಾಂ ಏಳುವುದಿಲ್ಲ. ಅಕ್ಕ ಅದಕ್ಕೂ ಒಂದು ಉಪಾಯ ಹುಡುಕಿದಳು. ಲಿನಕ್ಸಿನ ಒಳಗೇ ಒಂದು ಸುಳ್ಳು ವಿಂಡೋಸ್ ಕಟ್ಟಿ, ಆ ಪ್ರೋಗ್ರಾಮಿಗೆ 'ನೀನು ನಿನ್ನ ಮನೆಯಲ್ಲೇ ಇದ್ದೀಯ' ಎಂದು ನಂಬಿಸಿ ಕೂರಿಸಿದಳು. ಅದು ನಂಬಿತು. ಟೈಲರ್ ಹೆಂಗಸು ಇವತ್ತಿಗೂ ಅದರಲ್ಲೇ ಹೂವು ಬಳ್ಳಿ ಬಿಡಿಸುತ್ತಾಳೆ.

"ಎಲ್ಲಾ ನಡೆಯತ್ತೆ. ನಡೆಸೋಕೆ ಬರ್ಬೇಕು ಅಷ್ಟೆ," ಎನ್ನುವುದು ಅಕ್ಕನ ಮಾತು. ಆ ಮಾತಿನಲ್ಲಿ ಸ್ವಲ್ಪ ಜಂಭವಿತ್ತು, ನಿಜ. ಇರಲಿ ಬಿಡಿ, ಕೆಲಸ ಬಲ್ಲವಳಿಗೆ ಅಷ್ಟಾದರೂ ಬೇಡವೇ? ಆದರೆ ಪ್ರೋಗ್ರಾಮುಗಳನ್ನು ನಂಬಿಸಿ ನಂಬಿಸಿ ಅವಳಿಗೆ ಅದೊಂದು ಚಾಳಿಯಾಗಿಬಿಟ್ಟಿತ್ತು. ಅಲ್ಲೇ ಬಂದದ್ದು ಕುತ್ತು.

ಅವಳ ಗಂಡ ಬಡಗಿ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಅಕ್ಕನ ಕಂಪ್ಯೂಟರ್ ರಿಪೇರಿ, ಹಿಂದಿನ ದೊಡ್ಡ ಶೆಡ್ಡಿನಲ್ಲಿ ಮೇಸ್ತ್ರಿಯ ಮರಗೆಲಸ, ನಡುವೆ ಒಂದು ಗಾಜಿನ ಕಿಟಕಿ. ಮೇಸ್ತ್ರಿಯ ಕೈ ನೋಡಬೇಕು ನೀವು. ಹಲಗೆಯ ಮೇಲೆ ಬೆರಳು ಆಡಿಸಿದನೆಂದರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳಿಬಿಡುತ್ತಿದ್ದ. ಉಳಿ ಹಿಡಿದರೆ ಮರ ಬೆಣ್ಣೆಯಾಗುತ್ತಿತ್ತು. ಅವನು ಹುಡುಗನಾಗಿದ್ದಾಗ ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದವನೊಬ್ಬ ಗರಗಸದ ಮಷೀನಿಗೆ ಹೆಬ್ಬೆರಳು ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ತಾನಾಗಿ ಓಡುವ ಯಾವುದನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ.

ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಮಷೀನ್ ಕಟ್ಟೋಣ ಎಂದು ಹೊರಟವಳು ಅಕ್ಕನೇ. ಬಾಗಿಲ ಕೆತ್ತನೆ, ಜಾಲರಿ, ಕಪಾಟಿನ ಹೂವು, ಕೈಯಲ್ಲಿ ವಾರ ಹಿಡಿಯುವುದನ್ನು ಮಷೀನ್ ಮಧ್ಯಾಹ್ನದೊಳಗೆ ಮುಗಿಸುತ್ತದೆ. ಕಂಪನಿಯ ರೆಡಿ ಮಷೀನ್ ಬೇಡ, ಅದರ ಪ್ರೋಗ್ರಾಮಿಗೆ ವರ್ಷ ವರ್ಷ ಅವರ ಕಾಲು ಹಿಡಿಯಬೇಕು. ಚೌಕಟ್ಟು, ಮೋಟಾರು ತರಿಸಿ ನಾವೇ ಜೋಡಿಸೋಣ, ಓಡಿಸುವುದಕ್ಕೆ ಲಿನಕ್ಸ್ ಇದೆ, ನಾನಿದ್ದೀನಿ ಎಂದಳು.

ಮೇಸ್ತ್ರಿ ಮೂಗು ಮುರಿದ. "ಉಳಿ ಆದ್ರೆ ನನ್ನ ಕೈಲಿರತ್ತೆ ಕಣೇ. ಇದು ಯಾರ ಕೈಲಿರತ್ತೆ, ಹೇಳು?"

"ನನ್ನ ಕೈಲಿ."

"ನಿನ್ನ ಕೈಲಿದ್ರೆ ಸರಿ. ಅದರ ಕೈಲಿದ್ರೆ?"

ಆಗ ಅಕ್ಕ ಮಷೀನಿನ ಎಡ ಅಂಚಿಗೆ ಅಂಗೈಯಗಲದ ಒಂದು ಕೆಂಪು ಬಟನ್ ಕೂರಿಸಿದಳು. ಮಷೀನ್ ಓಡುತ್ತಿರುವಾಗ ಗಂಡನನ್ನು ಕರೆದು, "ಒತ್ತಿ" ಎಂದಳು. ಒತ್ತಿದ. ಹಲಗೆಯ ಮೇಲೆ ಅತ್ತಿತ್ತ ಓಡುತ್ತಿದ್ದ ಮಷೀನಿನ ತಲೆ ಇದ್ದಲ್ಲೇ ನಿಂತಿತು. ಅದರ ತುದಿಯಲ್ಲಿ ಗಿರ್ರನೆ ತಿರುಗುತ್ತಿದ್ದ ಬಿಟ್ಟು, ಅಂದರೆ ಮರ ಕೊರೆಯುವ ಆ ಚೂಪು ಉಕ್ಕು, ಒಂದು ಉಸಿರೊಳಗೆ ಸುಮ್ಮನಾಯಿತು. ಮೇಸ್ತ್ರಿ ಮತ್ತೆ ಓಡಿಸಲು ಹೇಳಿದ, ಮತ್ತೆ ಒತ್ತಿದ. ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ ಅವತ್ತೆಲ್ಲ ಒತ್ತುತ್ತಲೇ ಇದ್ದ.

"ಏನೇ ಆದ್ರೂ ಇದನ್ನ ಒತ್ತಿ. ಎಲ್ಲಾ ನಿಲ್ಲತ್ತೆ. ಇದು ನನ್ನ ಮಾತು," ಎಂದಳು ಅಕ್ಕ.

ಅಂದಿನಿಂದ ಮೇಸ್ತ್ರಿಗೆ ಒಂದು ನಿಲುವು ರೂಢಿಯಾಯಿತು. ಎಡಗೈ ಅಂಗೈ ಬಟನ್ ಮೇಲೆ, ಬಲಗೈ ಹೊಟ್ಟು ಗುಡಿಸುವುದಕ್ಕೋ, ಹಲಗೆ ಅದುಮುವುದಕ್ಕೋ ಬಿಡುವಾಗಿ. ಏನಾದರೂ ಸಿಕ್ಕಿಕೊಂಡರೆ ಒತ್ತು, ಒಂದು ಉಸಿರು ಬಿಡು, ಆಮೇಲೆ ಕೈ ಹಾಕು. ಹಾಗೆ ಒತ್ತುವ ಪ್ರಸಂಗ ಬರುತ್ತಿದ್ದದ್ದು ಎಲ್ಲೋ ಅಪರೂಪಕ್ಕೆ. ಆದರೂ ಕೈ ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಕಂಪನಿ ಮಷೀನುಗಳಲ್ಲಿ ಆ ಬಟನ್ ಒತ್ತಿದರೆ ಕರೆಂಟೇ ಕಡಿದುಹೋಗುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಇವರ ಮಷೀನಿನಲ್ಲಿ ಬಟನ್ನಿನ ತಂತಿ ಹೋಗುತ್ತಿದ್ದದ್ದು ಕಂಪ್ಯೂಟರಿಗೆ. ಕಂಪ್ಯೂಟರ್ ಅದನ್ನು ಓದಿ, 'ಓ, ಒತ್ತಿದರು' ಎಂದು ತಿಳಿದು, ಎಲ್ಲವನ್ನೂ ನಿಲ್ಲಿಸುತ್ತಿತ್ತು. ಅಕ್ಕನಿಗೆ ಈ ವ್ಯತ್ಯಾಸ ಗೊತ್ತಿತ್ತು. ಕಂಪ್ಯೂಟರ್ ತನ್ನದೇ ತಾನೆ, ಅದು ಎಲ್ಲಿಗೆ ಹೋದೀತು ಎಂದುಕೊಂಡಿದ್ದಳು.

ವರ್ಷಗಟ್ಟಲೆ ಅದು ಎಲ್ಲಿಗೂ ಹೋಗಲಿಲ್ಲ. ಆ ಹಳೆಯ ಕಂಪ್ಯೂಟರಿಗೆ ಅಕ್ಕ ಇಂಟರ್‌ನೆಟ್ ಕೊಟ್ಟಿರಲಿಲ್ಲ, ಅಪ್‌ಡೇಟ್ ಮಾಡಿರಲಿಲ್ಲ, ಮೇಲಿನ ಧೂಳು ಒರೆಸುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು. ಓಡುತ್ತಿರುವುದನ್ನು ಮುಟ್ಟಬಾರದು ಎನ್ನುವುದು ಆ ಕೆಲಸದವರೆಲ್ಲರ ಭಯಭಕ್ತಿ. ಮುಟ್ಟದಿದ್ದರೂ ಅದು ಒಂದು ಬೆಳಿಗ್ಗೆ ಕೈಕೊಟ್ಟಿತು. ಮದರ್‌ಬೋರ್ಡ್ ಸುಟ್ಟ ವಾಸನೆ ಶೆಡ್ಡಿಗೆಲ್ಲ ಹರಡಿತು. ಅದೇ ವಾರ ಹೊಸ ಮನೆಯೊಂದರ ಬಾಗಿಲುಗಳನ್ನೆಲ್ಲ ಮಾಡಿಕೊಡಲು ಮೇಸ್ತ್ರಿ ಒಪ್ಪಿಕೊಂಡಿದ್ದ. ಮನೆ ಕಟ್ಟಿಸುತ್ತಿದ್ದ ಕಂಟ್ರಾಕ್ಟರು ಹೊತ್ತುಗೊತ್ತಿಲ್ಲದೆ ಫೋನ್ ಮಾಡುವ ಆಸಾಮಿ.

ಅಕ್ಕ ತನ್ನ ಹತ್ತಿರವಿದ್ದ ಕಂಪ್ಯೂಟರುಗಳಲ್ಲಿ ಗಟ್ಟಿಮುಟ್ಟಾದ ಒಂದನ್ನು ಆರಿಸಿದಳು. ಆಗ ತೊಡಕು ಒಂದರ ಬಾಲ ಹಿಡಿದು ಇನ್ನೊಂದು ಬಂತು. ಮಷೀನಿನ ಅಗಲದ ಹಳೇ ಕೇಬಲ್ ಸಿಕ್ಕಿಸಲು ಹೊಸದರಲ್ಲಿ ಜಾಗವೇ ಇಲ್ಲ, ಅದಕ್ಕೊಂದು ಕಾರ್ಡ್ ಹಾಕಬೇಕು. ಕಾರ್ಡ್ ಕಾಣಿಸಬೇಕಾದರೆ ಹೊಸ ಲಿನಕ್ಸ್ ಬೇಕು. ಹೊಸ ಲಿನಕ್ಸಿಗೆ ಮಷೀನ್ ಓಡಿಸುವ ಪ್ರೋಗ್ರಾಮಿನ ಹೊಸ ಆವೃತ್ತಿ ಬೇಕು. ಆ ಹೊಸ ಆವೃತ್ತಿ ಇವಳ ಹಳೇ ಸೆಟ್ಟಿಂಗುಗಳನ್ನು ನೋಡಿ 'ಇದೆಲ್ಲ ಯಾವ ಕಾಲದ್ದು' ಎನ್ನುವ ಹಾಗೆ ಕೆಂಪು ಅಕ್ಷರ ಕಾರಿತು. ಅಕ್ಕ ಸೆರಗು ಸಿಕ್ಕಿಸಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಒಂದೊಂದೇ ಸಾಲು ತಿದ್ದಿ ಒಂದೊಂದೇ ಕೆಂಪು ಅಕ್ಷರ ಅಡಗಿಸಿದಳು.

ಕೊನೆಗೆ ಉಳಿದದ್ದು ಒಂದೇ. ಮಷೀನ್ ಏಳುತ್ತಿಲ್ಲ. ನೋಡಿದರೆ, ಬಟನ್ ಯಾರೂ ಮುಟ್ಟದಿದ್ದರೂ ಕಂಪ್ಯೂಟರ್ ಮಾತ್ರ ಒತ್ತಿದ್ದಾರೆ ಒತ್ತಿದ್ದಾರೆ ಎನ್ನುತ್ತಿದೆ. ಹೊಸ ಕಾರ್ಡಿಗೂ ಆ ತಂತಿಗೂ ಹೊಂದಿಕೆಯಿಲ್ಲ. ಇದರ ಬುಡ ಹುಡುಕುವುದಕ್ಕೆ ಅರ್ಧ ದಿನವಾದರೂ ಬೇಕು ಎಂದು ಅಕ್ಕನ ಲೆಕ್ಕ. ಅಷ್ಟರಲ್ಲಿ ಮಿಕ್ಕದ್ದೆಲ್ಲ ಸರಿಯಿದೆಯೋ ಇಲ್ಲವೋ ನೋಡಿಬಿಡೋಣ ಎಂದು ಒಂದು ಸಾಲು ಬರೆದಳು. ಬಟನ್ ಏನೇ ಹೇಳಲಿ, ಕೇಳಿಸಿಕೊಳ್ಳಬೇಡ, ಎಲ್ಲ ಕ್ಷೇಮ ಎಂದೇ ತಿಳಿದುಕೋ.

ಕಂಪ್ಯೂಟರ್ ನಂಬಿತು. ಮಷೀನ್ ಎದ್ದಿತು, ತಲೆ ಆ ಕಡೆ ಈ ಕಡೆ ಓಡಿತು. ಅಕ್ಕ ಖುಷಿಗೆ ಮೇಜು ಗುದ್ದಿದಳು.

ಸದ್ದು ಕೇಳಿ ಮೇಸ್ತ್ರಿ ಬಾಗಿಲಿಗೆ ಬಂದ. ಅವನ ಕಿವಿಯಲ್ಲಿ ಫೋನ್ ಇತ್ತು, ಆ ಕಡೆ ಕಂಟ್ರಾಕ್ಟರು ಕೂಗಾಡುತ್ತಿದ್ದದ್ದು ಇಲ್ಲಿಗೂ ಕೇಳುತ್ತಿತ್ತು. ಫೋನ್ ಮೇಲೆ ಕೈ ಮುಚ್ಚಿ ಕೇಳಿದ, "ಎದ್ದಿತಾ?"

"ಎದ್ದಿದೆ."

"ಎಲ್ಲಾ ಮೊದಲಿನ ಹಾಗೇ ತಾನೆ?"

ಆಗ ಅವಳು ಹೇಳಬೇಕಿತ್ತು. ಬಟನ್ ಒಂದು ಬಾಕಿ ಇದೆ, ನಾಳೆ ಮಧ್ಯಾಹ್ನದವರೆಗೆ ಮುಟ್ಟಬೇಡಿ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಹೇಳಿದರೆ ಏನಾಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ಅವನು ಮಷೀನಿನ ಮೇಲೆ ಬಟ್ಟೆ ಹೊದಿಸಿ ಉಳಿ ಎತ್ತಿಕೊಳ್ಳುತ್ತಾನೆ, ನಾನು ಅವತ್ತೇ ಹೇಳಿದ್ದೆ ಈ ಮಷೀನೇ ಬೇಡ ಅಂತ ಎನ್ನುತ್ತಾನೆ. ಬೆಳಗಿನಿಂದ ಬೆವರು ಹರಿಸಿ ಎಬ್ಬಿಸಿದವಳಿಗೆ ಆ ಮಾತು ಕೇಳುವುದು ಬೇಡವಾಗಿತ್ತು.

"ಮೊದಲಿನ ಹಾಗೇ," ಎಂದಳು.

"ಆಯ್ತು ಸ್ವಾಮಿ, ಇವತ್ತೇ ಹಚ್ತೀನಿ," ಎಂದು ಮೇಸ್ತ್ರಿ ಫೋನಿಗೆ ಹೇಳುತ್ತಾ ಒಳಗೆ ಹೋದ.

ಹೀಗೆ ಅಕ್ಕನ ಸಂಕಟದ ದಿನಗಳು ಶುರುವಾದವು. ಹೊರಗೆ ನೋಡಿದವರಿಗೆ ಏನೂ ಬದಲಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಹಿಂದೆ ಮಷೀನಿನ ಕೂಗು, ಹೊಟ್ಟು ಹೀರುವ ದೊಡ್ಡ ಕೊಳವೆಯ ಭೋರ್ಗರೆತ. ಆದರೆ ಅವಳು ಯಾವ ಕೀಲಿ ಒತ್ತುತ್ತಿದ್ದರೂ ಕಣ್ಣು ಗಾಜಿನ ಕಿಟಕಿಯ ಕಡೆಗೇ ಹೋಗುತ್ತಿತ್ತು. ಅಲ್ಲಿ ಮೇಸ್ತ್ರಿ ನಿಂತಿದ್ದಾನೆ, ಎಡಗೈ ಬಟನ್ ಮೇಲೆ ಊರಿದೆ. ಅಷ್ಟು ನೆಚ್ಚಿಕೊಂಡು ನಿಂತಿದ್ದಾನಲ್ಲ ಪುಣ್ಯಾತ್ಮ, ಅದರ ಒಳಗೆ ಏನೂ ಇಲ್ಲ ಎಂದುಕೊಳ್ಳುತ್ತಿದ್ದಳು.

"ರೀ, ಸ್ವಲ್ಪ ದಿನ ಬಿಟ್ ಹತ್ರ ಕೈ ತಗೊಂಡು ಹೋಗ್ಬೇಡಿ," ಎಂದು ಒಂದು ಸಲ ಹೇಳಿದಳು.

"ಯಾಕೆ?"

"ಹೊಸ ಕಂಪ್ಯೂಟರ್ ಅಲ್ವಾ. ಇನ್ನೂ ಹೊಂದ್ಕೋಬೇಕು."

ಮೇಸ್ತ್ರಿ ನಕ್ಕ. "ಸೊಸೆ ಮನೆಗೆ ಬಂದ ಹಾಗೆ ಹೇಳ್ತೀಯಲ್ಲೇ. ನೀನೇ ಹೊಂದ್ಕೊಂಡೆ, ಅದು ಹೊಂದ್ಕೊಳಲ್ವಾ?"

ಹೊಸದಕ್ಕೆ ಒಂದು ದುರಭ್ಯಾಸವೂ ಇತ್ತು. ಕೆತ್ತುತ್ತಾ ಕೆತ್ತುತ್ತಾ ಮಷೀನಿನ ತಲೆ ಒಂದೊಂದು ಸಲ ತಡೆದು ನಿಲ್ಲುತ್ತಿತ್ತು, ಏನೋ ಮರೆತವರ ಹಾಗೆ. ಬಿಟ್ಟು ಮಾತ್ರ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ತಲೆ ತಾನೇ ಹೊರಡುತ್ತಿತ್ತು. ಹೊಸ ಲಿನಕ್ಸ್ ನಡುನಡುವೆ ಬೇರೆ ಏನನ್ನೋ ನೋಡಲು ಹೋಗಿ ಮಷೀನನ್ನು ಕಾಯಲು ಬಿಡುತ್ತಿದೆ ಎಂದು ಅಕ್ಕನಿಗೆ ಅಂದಾಜಿತ್ತು. ಅದನ್ನೂ ನೋಡಬೇಕು, ಇದನ್ನೂ ನೋಡಬೇಕು. ನೋಡೋಣವೆಂದರೆ ಮಷೀನ್ ಬಿಡುವಾಗಿ ಸಿಗಬೇಕಲ್ಲ.

ಭಾನುವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಶೆಡ್ಡಿಗೆ ಹೋದಳು. ಮೇಸ್ತ್ರಿ ಆಗಲೇ ದೊಡ್ಡ ಹಲಗೆಯೊಂದನ್ನು ಏರಿಸಿ ಓಡಿಸುತ್ತಿದ್ದ.

"ಒಂದು ಗಳಿಗೆ ನಿಲ್ಲಿಸ್ತೀರಾ? ಸ್ವಲ್ಪ ಕೆಲಸ ಇದೆ."

"ಈಗ ನಿಲ್ಲಿಸಿದ್ರೆ ಹಲಗೆ ಹಾಳು ಕಣೇ. ಇದು ಮುಗೀಲಿ."

ಅದು ಮುಗಿಯುವಷ್ಟರಲ್ಲಿ ಯಾರೋ ಗಿರಾಕಿ ಬಂದರು. ಗಿರಾಕಿ ಹೋಗುವಷ್ಟರಲ್ಲಿ ಇನ್ನೊಂದು ಹಲಗೆ ಏರಿತ್ತು. ಸಂಜೆಗೆ ಮೇಸ್ತ್ರಿಯ ತಂಗಿ ಬಂದು ಮಾತಿಗೆ ಕೂತಳು. ನಾಳೆ ಮಾಡಿದರಾಯಿತು ಎಂದು ಅಕ್ಕ ಅಂದುಕೊಂಡಳು. ನಾಳೆಯೂ ಹೀಗೇ ಆಯಿತು. ಏನೂ ಆಗದೆ ದಿನ ಕಳೆದಂತೆ ಅವಳ ಭಯಕ್ಕೂ ಒಂದು ರೂಢಿ ಬಿತ್ತು. ಬೆಳಿಗ್ಗೆ ಚುಚ್ಚಿದ್ದು ಮಧ್ಯಾಹ್ನಕ್ಕೆ ಮರೆಯುತ್ತಿತ್ತು.

ಮೇಸ್ತ್ರಿಯ ತಾಯಿ ಅವರ ಜೊತೆಯಲ್ಲೇ ಇದ್ದರು. ವಯಸ್ಸಾಗಿದ್ದರೂ ಸುಮ್ಮನೆ ಕೂರುವ ಜೀವವಲ್ಲ. ಪೊರಕೆ, ಬಟ್ಟೆ ಹಿಡಿದು ಶೆಡ್ಡಿನಲ್ಲೆಲ್ಲ ಧೂಳು ಒರೆಸುತ್ತಾ ಓಡಾಡುತ್ತಿದ್ದರು. ಮಗ ಬೇಡ ಎಂದಷ್ಟೂ ಒರೆಸುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು.

"ಹೊಸ ಕಂಪ್ಯೂಟರ್ ಬಂದ್ಮೇಲೆ ನಿನ್ನ ಮಷೀನಿಗೆ ಒಳ್ಳೆ ಬುದ್ಧಿ ಬಂದಿದೆ ಕಣೋ."

"ಏನಾಯ್ತಮ್ಮ?"

"ಮೊದ್ಲೆಲ್ಲ ಒರೆಸುವಾಗ ಆ ಕೆಂಪು ಗುಂಡಿಗೆ ಕೈ ತಾಗಿದ್ರೆ ಸಾಕು, ನಿಂತೇ ಹೋಗ್ತಿತ್ತು. ನೀನು ಎಗರಾಡ್ತಿದ್ದೆ. ಇವತ್ತು ನೀನು ನೀರು ಕುಡಿಯೋಕೆ ಹೋದಾಗ ಪೂರ್ತಿ ಒರಗಿಬಿಟ್ಟೆ ನೋಡು, ಏನೂ ಆಗ್ಲಿಲ್ಲ. ತನ್ನ ಪಾಡಿಗೆ ತಾನು ಓಡ್ತಾನೇ ಇತ್ತು."

ಅಕ್ಕ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಗಂಡನ ಮುಖ ನೋಡಿದಳು.

ಮೇಸ್ತ್ರಿ ಅನ್ನ ಕಲೆಸುತ್ತಾ ನಗುತ್ತಿದ್ದ. "ನೀನು ಒರಗಿರೋದು ಪಕ್ಕದ ಕಬ್ಬಿಣಕ್ಕೆ ಇರ್ಬೇಕು ಬಿಡಮ್ಮ. ಅದನ್ನ ಒತ್ತಿದ್ರೆ ನಿಲ್ಲದೆ ಇರತ್ತಾ? ಇವಳೇ ಕೂರಿಸಿದ್ದು ಅದು. ಅಲ್ವೇನೇ?"

ಅಕ್ಕ ಹೂಂ ಎಂದಳು. ನೀರು ಕುಡಿದಳು. ಎಂಥ ಹೆಂಗಸು ನಾನು ಎಂದು ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. ಹೇಳಿಬಿಡು, ಈಗ ಹೇಳಿಬಿಡು ಎಂದು ಮನಸ್ಸು ಒದ್ದಾಡಿತು. ಆದರೆ ಈಗ ಹೇಳಿದರೆ ಬಟನ್ ಕೆಟ್ಟಿದೆ ಎಂದಷ್ಟೇ ಹೇಳಿದಂತಾಗುವುದಿಲ್ಲ. ಇಷ್ಟು ದಿನ ಗೊತ್ತಿದ್ದೂ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದೆ ಎಂದು ಹೇಳಿದಂತಾಗುತ್ತದೆ. ಮೊದಲ ದಿನದ್ದು ಸಣ್ಣ ಸುಳ್ಳು. ಅದು ಬೆಳೆದು ಹೀಗೆ ಎದುರಿಗೆ ಬಂದು ಕೂತಿತ್ತು. ಊಟ ಮುಗಿದ ಕೂಡಲೇ ಹೋಗಿ ಸರಿಮಾಡಿಬಿಡುತ್ತೇನೆ, ಇವರಿಗೆ ತಿಳಿಯುವುದೇ ಬೇಡ ಎಂದು ನಿಶ್ಚಯಿಸಿದಳು.

ಕೈ ತೊಳೆದು ಬರುವಾಗ ಮುಂದಿನ ಕೋಣೆಯಲ್ಲಿ ರಿಟೈರಾದ ಮೇಷ್ಟರು ಪ್ರಿಂಟರನ್ನು ತಬ್ಬಿಕೊಂಡು ನಿಂತಿದ್ದರು.

"ನಿಮ್ಮ ಲಿನಕ್ಸ್ ಹಾಕಿದ್ಮೇಲೆ ಇದು ಉಗುಳೋ ಕಾಗದದಲ್ಲೆಲ್ಲ ಬರೀ ಚುಕ್ಕಿನಮ್ಮ. ನೋಡಿ, ನನ್ನ ಮೊಮ್ಮಗಳ ಪಾಠ ಅಂತೆ ಇದು."

"ಆಮೇಲೆ ನೋಡ್ತೀನಿ ಸಾರ್, ಇಟ್ಟು ಹೋಗಿ."

"ಆಮೇಲೆ ಅಂದ್ರೆ ಹೇಗಮ್ಮ? ಮಗು ಅಳ್ತಿದೆ. ಬಿಸಿಲಲ್ಲಿ ಹೊತ್ಕೊಂಡು ಬಂದಿದೀನಿ."

ಕಿಟಕಿಯಲ್ಲಿ ನೋಡಿದಳು. ಮೇಸ್ತ್ರಿ ಇನ್ನೂ ಕೈ ಒರೆಸಿಕೊಳ್ಳುತ್ತಾ ಹಲಗೆ ಅಳೆಯುತ್ತಿದ್ದ. ಪ್ರಿಂಟರಿನದು ಸಣ್ಣ ಕೆಲಸ, ಸರಿಯಾದ ಡ್ರೈವರ್ ಪ್ರೋಗ್ರಾಂ ಹಾಕಿದರಾಯಿತು. ಕುರ್ಚಿ ಎಳೆದು ಕೂತಳು, ಕಪ್ಪು ಪರದೆ ತೆರೆದಳು. ಮೇಷ್ಟರು ಮೊಮ್ಮಗಳ ಜಾಣತನ ವರ್ಣಿಸುತ್ತಾ ನಿಂತರು. ಹಿಂದೆ ಹೊಟ್ಟು ಹೀರುವ ಕೊಳವೆ ಭೋರ್ಗರೆಯಲು ಶುರುವಾಯಿತು, ಅದರೊಳಗೆ ಮಷೀನಿನ ಸಣ್ಣ ಕೂಗು ಸೇರಿಕೊಂಡಿತು. ಒಂದು ಡ್ರೈವರ್ ಹೊಂದಲಿಲ್ಲ. ಇನ್ನೊಂದನ್ನು ಹಾಕಿದಳು. ಚುಕ್ಕಿ ಹೋಗಿ ಅಕ್ಷರ ಬಂತು. ಮೇಷ್ಟರು ಚಪ್ಪಾಳೆ ತಟ್ಟಿಯೇಬಿಟ್ಟರು.

ಆಗ ಮಷೀನಿನ ಕೂಗು ಬದಲಾಯಿತು.

ಅವಳು ತಲೆ ಎತ್ತಿ ಕಿಟಕಿಯಾಚೆ ನೋಡಿದಳು. ಜಾಲರಿಯಿಂದ ಕೊರೆದು ಬಿದ್ದ ಮರದ ತುಂಡೊಂದು ಎದ್ದು ಬಿಟ್ಟಿಗೆ ಅಡ್ಡ ಸಿಕ್ಕಿಕೊಂಡು ಕಿರುಗುಡುತ್ತಿತ್ತು. ಮೇಸ್ತ್ರಿ ಗಾಬರಿಯಾಗಲಿಲ್ಲ. ಅವನ ಎಡಗೈ ಅಲ್ಲೇ ಇತ್ತಲ್ಲ. ಬಟನ್ ಒತ್ತಿದ. ಅದೇ ಹೊತ್ತಿಗೆ ಮಷೀನಿನ ತಲೆ ತನ್ನ ಹಾಳು ಅಭ್ಯಾಸದಂತೆ ತಡೆದು ನಿಂತಿತು. ನಿಂತಿತು ಎಂದೇ ಅವನು ತಿಳಿದ. ಆ ಕೊಳವೆಯ ಭೋರ್ಗರೆತದಲ್ಲಿ ಬಿಟ್ಟು ತಿರುಗುವ ಸದ್ದು ಯಾರಿಗೆ ಕೇಳಬೇಕು? ಅಷ್ಟು ಜೋರಾಗಿ ತಿರುಗುವ ಉಕ್ಕು ಕಣ್ಣಿಗೆ ನಿಂತ ಕಡ್ಡಿಯ ಹಾಗೆಯೇ ಕಾಣುತ್ತದೆ. ಅವನು ರೂಢಿಯಂತೆ ಒಂದು ಉಸಿರು ಬಿಟ್ಟ.

"ರೀ! ಬೇಡ!" ಎಂದು ಅಕ್ಕ ಕಿರುಚಿದಳು. ಗಾಜು, ಕೊಳವೆ, ದೂರ. ಅವನಿಗೆ ಕೇಳಲಿಲ್ಲ. ಅವನು ಬಲಗೈ ಒಳಗೆ ಹಾಕಿದ.

ಅವಳು ಕುರ್ಚಿ ಬೀಳಿಸಿ ಓಡಿದಳು. ಓಡುವಾಗ ನೋಡಿದ್ದು ಅವಳ ಕಣ್ಣಿನಿಂದ ಎಂದಿಗೂ ಹೋಗುವುದಿಲ್ಲ. ಮೇಸ್ತ್ರಿ ಕೂಗುತ್ತಾ ಎಡಗೈಯಿಂದ ಆ ಬಟನ್ನನ್ನು ಗುದ್ದುತ್ತಿದ್ದ. ಬಿಡದೆ ಗುದ್ದುತ್ತಿದ್ದ. ಮಷೀನ್ ಓಡುತ್ತಲೇ ಇತ್ತು. ಅವಳು ಗೋಡೆಯ ಮೇನ್ ಸ್ವಿಚ್ ಎಳೆದಾಗ ಎಲ್ಲವೂ ಒಟ್ಟಿಗೆ ಸುಮ್ಮನಾಯಿತು, ಮೇಸ್ತ್ರಿಯ ಕೂಗೊಂದು ಉಳಿಯಿತು.

ಮೇಷ್ಟರೇ ಆಟೋ ಹಿಡಿದು ಕೂರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮಿಂದಾದದ್ದೆಲ್ಲ ಮಾಡಿದರು. ತೋರುಬೆರಳೂ ಅದರ ಪಕ್ಕದ ಬೆರಳೂ ಉಳಿಯಲಿಲ್ಲ. ಹೆಬ್ಬೆರಳು ಉಳಿದಿದೆ, ಅದೇ ದೊಡ್ಡದು ಎಂದರು. ಉಳಿ ಹಿಡಿಯಬಹುದೇ ಎಂದು ಕೇಳುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಮರುದಿನ ಗಂಡನ ಬಟ್ಟೆಬರೆ ತರಲೆಂದು ಅವಳು ಮನೆಗೆ ಬಂದಳು. ಬಟ್ಟೆ ಗಂಟು ಕಟ್ಟಿಟ್ಟು ನೇರ ಶೆಡ್ಡಿಗೆ ನಡೆದಳು. ನೆಲ ಯಾರೋ ತೊಳೆದಿದ್ದರು. ಮೇನ್ ಹಾಕಿ ಕಂಪ್ಯೂಟರ್ ಎಬ್ಬಿಸಿ ಆ ಸಾಲನ್ನು ತೆರೆದಳು. ಅರ್ಧ ದಿನದ ಕೆಲಸ ಎಂದುಕೊಂಡಿದ್ದಳಲ್ಲ, ಅದು ಹಾಗಿರಲೇ ಇಲ್ಲ. ಹೊಸ ಕಾರ್ಡ್ ತಂತಿಯನ್ನು ಉಲ್ಟಾ ಓದುತ್ತಿತ್ತು, ಅಷ್ಟೇ. ಒತ್ತದಿದ್ದಾಗ ಒತ್ತಿದೆ ಎಂದು, ಒತ್ತಿದಾಗ ಇಲ್ಲ ಎಂದು. ತಾನು ಬರೆದ ಸಾಲನ್ನು ಅಳಿಸಿ, ಉಲ್ಟಾ ಓದು ಎನ್ನುವ ಒಂದು ಪದ ಸೇರಿಸಿದಳು. ಮಷೀನ್ ಎದ್ದಿತು. ಬಟನ್ ಒತ್ತಿದಳು. ನಿಂತಿತು. ಅವಳು ಅದರ ಮೇಲೇ ಅಂಗೈ ಇಟ್ಟುಕೊಂಡು, ಅಯ್ಯೋ ದೇವರೇ, ಇಷ್ಟೇನಾ ಎಂದು ಗಟ್ಟಿಯಾಗಿ ಅತ್ತಳು.

ಆಸ್ಪತ್ರೆಗೆ ವಾಪಸಾದಾಗ ಮೇಸ್ತ್ರಿಗೆ ಎಚ್ಚರವಿತ್ತು. ಬಲಗೈ ಬಿಳಿ ಬಟ್ಟೆಯಲ್ಲಿ ದಪ್ಪಗೆ ಸುತ್ತಿ ಎದೆಯ ಮೇಲೆ ಇಟ್ಟಿದ್ದರು. ಅತ್ತೆ ಮಂಚದ ಕಾಲ ಹತ್ತಿರ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದರು. ಅತ್ತೂ ಅತ್ತೂ ಅವರ ಕಣ್ಣು ಬಾತುಹೋಗಿದ್ದವು.

"ಬಂದ್ಯಾ," ಎಂದ ಮೇಸ್ತ್ರಿ. ದನಿ ಸಣ್ಣಗಿತ್ತು. "ನಾನು ಒತ್ತಿದ್ದೆ ಕಣೇ. ಸರಿಯಾಗೇ ಒತ್ತಿದ್ದೆ. ವೈರ್ ಸಡಿಲ ಆಗಿತ್ತೇನೋ. ದಿನಾ ಒಂದ್ಸಲ ನೋಡ್ಕೋಬೇಕಿತ್ತು ನಾನು."

ಅವಳು ಬಟ್ಟೆ ಗಂಟನ್ನು ನೆಲದ ಮೇಲಿಟ್ಟಳು.

"ನಿಂದೇನಪ್ಪ ತಪ್ಪು?" ಎಂದು ಅತ್ತೆ ಮತ್ತೆ ಬಿಕ್ಕತೊಡಗಿದರು. "ನಾನೇ. ಆ ಗುಂಡಿಗೆ ಮೈಯೆಲ್ಲ ಹಾಕಿ ಒರಗಿದ್ದೆ. ಅವಾಗ್ಲೇ ಅದು ಕೆಟ್ಟಿದ್ದು. ನೀನು ಒರೆಸ್ಬೇಡ ಅಂತ ಬಡ್ಕೊಂಡೆ. ಹಾಳು ಮುದುಕಿ, ಕೇಳ್ಲಿಲ್ಲ. ಮಗನ ಕೈ ತಿಂದ್ಬಿಟ್ಟೆ."

"ಸುಮ್ನಿರಮ್ಮ. ನೀನಲ್ಲ."

"ನಾನೇ ಕಣೋ. ನಂಗೊತ್ತು."

ಸುಮ್ಮನಿದ್ದರೆ ಹೀಗೇ ಉಳಿದುಹೋಗುತ್ತಿತ್ತು. ವೈರ್ ಎಂದು ಅವನು ನಂಬುತ್ತಿದ್ದ, ತನ್ನ ಮೈಭಾರ ಎಂದು ಅತ್ತೆ ಸಾಯುವ ತನಕ ನಂಬುತ್ತಿದ್ದರು. ಆ ಸಾಲು ಈಗ ಎಲ್ಲೂ ಇಲ್ಲ, ಯಾರೂ ಹುಡುಕಿ ತೆಗೆಯುವ ಹಾಗಿಲ್ಲ. ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು.

"ಅತ್ತೆ, ನೀವಲ್ಲ. ವೈರೂ ಅಲ್ಲ ರೀ. ನಾನು."

ಇಬ್ಬರೂ ಅವಳನ್ನು ನೋಡಿದರು.

"ಹೊಸ ಕಂಪ್ಯೂಟರ್ ಹಾಕಿದ ದಿನದಿಂದ ಆ ಬಟನ್ ಕೆಲಸ ಮಾಡ್ತಿರ್ಲಿಲ್ಲ. ಅದರ ಮಾತು ಕೇಳ್ಬೇಡ ಅಂತ ನಾನೇ ಕಂಪ್ಯೂಟರಿಗೆ ಬರೆದಿದ್ದೆ. ಇಲ್ದಿದ್ರೆ ಮಷೀನ್ ಏಳ್ತಿರ್ಲಿಲ್ಲ. ಒಂದು ದಿನದ ಮಟ್ಟಿಗೆ ಅಂದ್ಕೊಂಡಿದ್ದೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಅತ್ತೆಯ ಬಿಕ್ಕು ನಿಂತಿತು. ಬೈಯಲಿ, ಕೂಗಾಡಲಿ ಎಂದು ಅವಳು ಕಾಯುತ್ತಿದ್ದಳು. ಮೇಸ್ತ್ರಿ ಎರಡೂ ಮಾಡಲಿಲ್ಲ.

"ನಾನು ಕೇಳಿದ್ದೆ ನಿನ್ನ," ಎಂದ. "ಎಲ್ಲಾ ಮೊದಲಿನ ಹಾಗೇ ತಾನೆ ಅಂತ."

"ಕೇಳಿದ್ರಿ."

"ಈಗ ಹೇಗಿದೆ?"

"ಸರಿಯಾಗಿದೆ. ಈಗ ಬರುವಾಗ ಸರಿ ಮಾಡಿ ಬಂದೆ."

"ಎಷ್ಟು ಹೊತ್ತು ಹಿಡೀತು?"

ಅರ್ಧ ದಿನ ಎಂದುಬಿಡಬಹುದಿತ್ತು. ಅದು ತುಂಬ ಕಷ್ಟದ ಕೆಲಸ, ಅದಕ್ಕೇ ಆಗಲಿಲ್ಲ ಎಂದರೆ ಅವನಿಗೂ ಒಂದಿಷ್ಟು ಸಮಾಧಾನ, ತನಗೂ ಒಂದಿಷ್ಟು ಆಸರೆ. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ಒಂದು ನಿಮಿಷ," ಎಂದಳು.

ಮೇಸ್ತ್ರಿ ಹೂಂಗುಟ್ಟಿದ. ಆಮೇಲೆ ಎಡಗೈಯಿಂದ ಹೊದಿಕೆ ಎಳೆದುಕೊಂಡು, ಸುತ್ತಿದ ಬಲಗೈಯನ್ನು ಅವಳಿಗೆ ಕಾಣದ ಹಾಗೆ ಮುಚ್ಚಿಕೊಂಡ.